ಬಸಿದ ಕಟ್ಟನ್ನು ಚೆಲ್ಲಬೇಡಿ

ಮಾನ್ಯ ಸಂಪಾದಕರೇ,

ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ, ನಿದ್ದೆ ಬರುವುದಿಲ್ಲ ಎಂದ ಹಿರಿಯರಿಗೆ ಮೆಗ್ನೀಸಿಯಂ ಮಾತ್ರೆ ತಂದುಕೊಡುವುದು ರೂಢಿಯಾಗುತ್ತಿದೆ. ಅದಕ್ಕೂ ಮೊದಲು ಅವರ ತಟ್ಟೆಯನ್ನೂ ಔಷಧಿ ಡಬ್ಬಿಯನ್ನೂ ನೋಡಬೇಕು.

ದಿನಕ್ಕೆ ಸುಮಾರು 300ರಿಂದ 400 ಮಿ.ಗ್ರಾಂ. ಮೆಗ್ನೀಸಿಯಂ ಬೇಕು. ವಯಸ್ಸಾದಂತೆ ಕರುಳು ಹೀರುವುದು ತಗ್ಗಿ, ಮೂತ್ರದಲ್ಲಿ ಹೋಗುವುದು ಹೆಚ್ಚುತ್ತದೆ. ಹಲ್ಲು ಹೋದವರ ಊಟವೋ ಬಿಳಿ ಅನ್ನ, ತಿಳಿಸಾರು, ಮಜ್ಜಿಗೆಗೆ ಇಳಿದಿರುತ್ತದೆ. 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಸಿಗುವುದು 20 ಮಿ.ಗ್ರಾಂ. ಆಸುಪಾಸು, ಅಷ್ಟೇ ರಾಗಿಯಲ್ಲಿ 140ಕ್ಕೂ ಹೆಚ್ಚು. ಮೆತ್ತಗಿನ ಮುದ್ದೆಗೆ ಹಲ್ಲು ಬೇಡ. ನುಂಗಲು ತೊಡಕಿದ್ದರೆ ಮೊಳಕೆ ರಾಗಿ ಹಿಟ್ಟಿನ ಗಂಜಿ ಕೊಡಿ. ಮೊಳಕೆ ಬಂದಾಗ, ಖನಿಜ ಹೀರಲು ಅಡ್ಡಿಯಾಗುವ ಫೈಟೇಟ್ ಎಂಬ ಅಂಶ ಇಳಿದು ಖನಿಜ ಸಲೀಸಾಗಿ ಮೈಗೆ ಹತ್ತುತ್ತದೆ.

ಸೊಪ್ಪು, ಕಾಳು ಬೇಯುವಾಗ ಮೆಗ್ನೀಸಿಯಂನ ಒಂದು ಪಾಲು ನೀರಿಗಿಳಿಯುತ್ತದೆ. ಆ ನೀರು ಚೆಲ್ಲಿ ಪಲ್ಯ ಮಾಡುವುದೇ ತಪ್ಪು. ನಮ್ಮ ಬಸ್ಸಾರಿನಲ್ಲಿ ಈ ನಷ್ಟವಿಲ್ಲ: ಹುರುಳಿಕಾಳು, ದಂಟಿನ ಸೊಪ್ಪು ಬೇಯಿಸಿ ಬಸಿದು, ಒಂದು ಹಿಡಿಯನ್ನು ಖಾರದ ಜತೆ ನುಣ್ಣಗೆ ರುಬ್ಬಿ, ಬಸಿದ ಅದೇ ನೀರಿಗೆ, ಅಂದರೆ ಕಟ್ಟಿಗೆ, ಬೆರೆಸಿ ಕುದಿಸುತ್ತೇವೆ. ಎಳ್ಳನ್ನು ಹುರಿದು ಪುಡಿ ಮಾಡಿಯೇ ಕೊಡಬೇಕು. ಇಡಿಯಾಗಿ ನುಂಗಿದರೆ ಹಾಗೇ ಹೊರಹೋಗುತ್ತದೆ.

ಇನ್ನು ಔಷಧಿ ಡಬ್ಬಿ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಗ್ಯಾಸ್ಟ್ರಿಕ್ ಮಾತ್ರೆಗಳನ್ನು ವರ್ಷಕ್ಕೂ ಮೀರಿ ನುಂಗಿದರೆ ಮೆಗ್ನೀಸಿಯಂ ಕುಸಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಎಚ್ಚರಿಸಿದೆ. ಜತೆಗೆ ಬಿಪಿಗೋ ಕಾಲೂತಕ್ಕೋ ಮೂತ್ರ ಹೆಚ್ಚಿಸುವ ನೀರಿನ ಮಾತ್ರೆಯೂ ಇದ್ದರೆ ಅಪಾಯ ಇಮ್ಮಡಿ. ಪೊಟ್ಯಾಸಿಯಂ ಎಷ್ಟು ಕೊಟ್ಟರೂ ಏರದಿದ್ದರೆ ಮೊದಲು ಅನುಮಾನಿಸಬೇಕಾದ್ದು ಮೆಗ್ನೀಸಿಯಂ ಕೊರತೆಯನ್ನೇ. ದೇಹದ ಮೆಗ್ನೀಸಿಯಂನಲ್ಲಿ ರಕ್ತದಲ್ಲಿರುವುದು ನೂರಕ್ಕೆ ಒಂದು ಪಾಲಿನಷ್ಟು ಮಾತ್ರ, ಆದ್ದರಿಂದ ವರದಿ 'ನಾರ್ಮಲ್' ಎಂದಾಕ್ಷಣ ಕೊರತೆಯಿಲ್ಲ ಎನ್ನಲಾಗದು.

ಆದರೆ ಕಿಡ್ನಿ ದುರ್ಬಲವಾಗಿರುವವರಿಗೆ ಮಾತ್ರೆ ವಿಷವಾದೀತು. ಹೊರಹೋಗದ ಮೆಗ್ನೀಸಿಯಂ ರಕ್ತದಲ್ಲೇ ಸೇರಿಕೊಂಡು ಬಿಪಿ ಇಳಿಸುತ್ತದೆ, ನಾಡಿಬಡಿತ ನಿಧಾನಿಸುತ್ತದೆ. ಮಲಬದ್ಧತೆಗೆ ಕುಡಿಯುವ ಹಾಲಿನಂಥ ಬಿಳಿ ಸಿರಪ್‌ನಲ್ಲೂ ಇರುವುದು ಮೆಗ್ನೀಸಿಯಮ್ಮೇ. ಕಿಡ್ನಿ ದುರ್ಬಲವಾದವರು ರಾಗಿ, ಸೊಪ್ಪಿನ ಅಳತೆಯನ್ನೂ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಥೈರಾಯ್ಡ್ ಮಾತ್ರೆಗೂ ಮೆಗ್ನೀಸಿಯಂ ಮಾತ್ರೆಗೂ 4 ಗಂಟೆ ಅಂತರವಿರಲಿ. ಹಿರಿಯರ ರಾತ್ರಿಯ ಸೆಳೆತಕ್ಕಂತೂ ಮೆಗ್ನೀಸಿಯಂ ಮಾತ್ರೆಯಿಂದ ಹೇಳಿಕೊಳ್ಳುವಂಥ ಗುಣ ಪರೀಕ್ಷೆಗಳಲ್ಲಿ ಕಂಡಿಲ್ಲ.

ಗ್ಯಾಸ್ಟ್ರಿಕ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಎಲ್ಲ ಸ್ಟ್ರಿಪ್‌ಗಳನ್ನೂ ಚೀಲದಲ್ಲಿ ಒಯ್ದು, ಇದು ಇನ್ನೂ ಬೇಕೇ ಎಂದು ಕೇಳಿ. ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಯ ಜತೆ ಮೆಗ್ನೀಸಿಯಂ ಪರೀಕ್ಷೆಯನ್ನೂ ಬರೆಸಿಕೊಳ್ಳಿ.

– ಪಥ್ಯಾಹಾರ ತಜ್ಞೆ, ತುಮಕೂರು