ಭಾನುವಾರ ಸೇರೋಣ: ಹಾಯಿದೋಣಿಗೆ ಯಾವ ರೇಡಿಯೊ?

ಎಲ್ಲರಿಗೂ ನಮಸ್ಕಾರ.

ಸಕಲೇಶಪುರದ ನಮ್ಮ ಕ್ಯಾಪ್ಟನ್ ಸಾಹೇಬರು ಹಾಯಿದೋಣಿಯಲ್ಲಿ ಕೊಚ್ಚಿಯಿಂದ ಮಾಲ್ಡೀವ್ಸ್ ಕಡೆಗೆ ಹೊರಡುತ್ತಿದ್ದಾರೆ, ಗೊತ್ತಲ್ವಾ. ದೂರದ ಮಾತಿಗೆ ರೇಡಿಯೊ ಆರಿಸಲು ಈ ಭಾನುವಾರ ಬೆಳಿಗ್ಗೆ 10ಕ್ಕೆ ಹಾಸನದಲ್ಲಿ ನಮ್ಮ ಮನೆ ತಾರಸಿಯಲ್ಲಿ ಸೇರೋಣ. ಎಚ್‌ಎಫ್ (ದೂರಕ್ಕೆ ತಲುಪುವ ಶಾರ್ಟ್‌ವೇವ್) ಬಳಸುವ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು, ದಯವಿಟ್ಟು ತಪ್ಪಿಸಬೇಡಿ. ಚಿಕ್ಕಮಗಳೂರಿನವರು ಒಂದೇ ಕಾರಿನಲ್ಲಿ ಬಂದರೆ ಒಳ್ಳೆಯದು.

ಹತ್ತಿರದ ಮಾತಿಗೆ ವಿಎಚ್‌ಎಫ್ ರೇಡಿಯೊ ಕ್ಯಾಪ್ಟನ್ ಬಳಿ ಇದೆ. ಅದು ಕಣ್ಣಳತೆಯ ದೂರಕ್ಕಷ್ಟೇ. ಆಚೆಗೆ ಎಚ್‌ಎಫ್ ಎಸ್‌ಎಸ್‌ಬಿ (ಕಡಿಮೆ ಪವರ್‌ನಲ್ಲೇ ದೂರಕ್ಕೆ ದನಿ ಕಳಿಸುವ ವಿಧಾನ) ಸೆಟ್ ಬೇಕು. ‘ನಮ್ಮ ಹ್ಯಾಮ್ ಸೆಟ್ಟೇ ಸಾಕಲ್ವಾ?’ ಎಂದು ಕೆಲವರು ಕೇಳಿದ್ದೀರಿ. ನನಗೆ ಒಪ್ಪಿಗೆ ಇಲ್ಲ. ಡಿಎಸ್‌ಸಿ (ಡಿಜಿಟಲ್ ಕರೆ ಕಳಿಸುವ ವ್ಯವಸ್ಥೆ) ಇರುವ ಮೆರೈನ್ ಸೆಟ್‌ನಲ್ಲಿ ಕೆಂಪು ಗುಂಡಿ ಒತ್ತಿ ಹಿಡಿದರೆ ದೋಣಿಯನ್ನು ಗುರುತಿಸುವ ಎಂಎಂಎಸ್‌ಐ ಸಂಖ್ಯೆ ಸಮೇತ ಅಪಾಯದ ಕರೆ ಹೋಗುತ್ತದೆ. ಜಿಪಿಎಸ್ ಜೋಡಿಸಿದ್ದರೆ ಇರುವ ಜಾಗವೂ. ಹ್ಯಾಮ್ ಸೆಟ್‌ನಲ್ಲಿ ಆ ಗುಂಡಿಯೇ ಇಲ್ಲ.

ಸೆಟ್‌ಗಿಂತ ಜಾಸ್ತಿ ತಲೆನೋವು ಆಂಟೆನಾದ್ದು. ಹಾಯಿಕಂಬವನ್ನು ಹಿಂದಕ್ಕೆ ಎಳೆದು ಹಿಡಿಯುವ ಉಕ್ಕಿನ ತಂತಿಗೆ ಮೇಲೊಂದು ಕೆಳಗೊಂದು ಇನ್ಸುಲೇಟರ್ ಹಾಕಿ, ಅದನ್ನೇ ಆಂಟೆನಾ ಮಾಡುತ್ತಾರೆ. ಬುಡದಲ್ಲಿ ಆಂಟೆನಾವನ್ನು ಸೆಟ್‌ಗೆ ಹೊಂದಿಸುವ ಆಟೋ ಟ್ಯೂನರ್, ಅಲ್ಲಿಂದ ಅರ್ಥಿಂಗ್‌ಗೆ ಅಗಲವಾದ ತಾಮ್ರದ ಪಟ್ಟಿ. 150 ವ್ಯಾಟ್ ಸೆಟ್ ಮಾತಾಡುವಾಗ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 30 ಆಂಪಿಯರ್ ಎಳೆಯುತ್ತದೆ. ವೈರ್ ತೆಳ್ಳಗಿದ್ದರೆ ಮೈಕ್ ಒತ್ತಿ ಮಾತು ಶುರು ಮಾಡಿದ ಕೂಡಲೇ ವೋಲ್ಟೇಜ್ ಬಿದ್ದು ದನಿ ಒಡೆಯುತ್ತದೆ.

ಸ್ಯಾಟಲೈಟ್ ಫೋನ್ ಸಲಹೆ ಸದ್ಯಕ್ಕೆ ಬೇಡ. ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ, ಸುಮ್ನೆ ತೊಂದರೆ.

ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾ ಹೊಂದಿಕೆ ಅಳೆಯುವುದು), ಟ್ಯೂನರ್ ಇದ್ದವರು ತನ್ನಿ. ಯಾರು ಏನು ತರುತ್ತೀರಿ ಎಂದು ಇಲ್ಲೇ ಬರೆಯಿರಿ. ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರು ಹಾಕಿ, ಅಕ್ಕಿರೊಟ್ಟಿಗೆ ಲೆಕ್ಕ ಬೇಕು.