ಪಾಸಿಟಿವ್ ಎಂದು ಬರೆದವರು ಮುಂದಿನದನ್ನೂ ಬರೆಯಲಿ

ಮಾನ್ಯರೇ,

ಪೀಣ್ಯದ ಕಡೆ ಇಪ್ಪತ್ತು ವರ್ಷಗಳಿಂದ ಸಣ್ಣ ಕ್ಲಿನಿಕ್ ನಡೆಸುತ್ತಿರುವ ವೈದ್ಯೆ ನಾನು. ಕಳೆದ ತಿಂಗಳು ಸೊಂಟನೋವಿಗೆಂದು ಬಂದ ಲೇತ್ ಕೆಲಸಗಾರನೊಬ್ಬ, ಹೊರಡುವಾಗ ಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದ. ಹೋದ ವರ್ಷ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಮುನ್ನ ಮಾಡಿಸಿದ ರಕ್ತಪರೀಕ್ಷೆ. ‘ಎಚ್‌ಬಿಎಸ್‌ಎಜಿ ಪಾಸಿಟಿವ್’ (ಯಕೃತ್ತಿಗೆ ತಗುಲುವ ಹೆಪಟೈಟಿಸ್ ಬಿ ವೈರಾಣುವಿನ ಸೋಂಕಿದೆ ಎಂದರ್ಥ) ಎಂಬುದರ ಸುತ್ತ ಕೆಂಪು ಶಾಯಿಯ ಗೆರೆ. ಅದರ ಅರ್ಥವೇನೆಂದು ಅಲ್ಲಿ ಯಾರೂ ಹೇಳಿರಲಿಲ್ಲ. ಅವನ ತಾಯಿ ತಮಗೆ ತೋಚಿದ ಅರ್ಥ ಮಾಡಿಕೊಂಡು ಮಗನ ತಟ್ಟೆ, ಲೋಟ ಬೇರೆ ಇಟ್ಟರು. ವರ್ಷದಿಂದ ಅವನು ತನ್ನ ಮಗಳಿಗೆ ಕೈಯಾರೆ ಒಂದು ತುತ್ತು ಕೊಟ್ಟಿಲ್ಲವಂತೆ.

ಹೆಪಟೈಟಿಸ್ ಬಿ ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ. ಬೇರೆ ಇಡುವುದಿದ್ದರೆ ರೇಜರ್, ಹಲ್ಲುಜ್ಜುವ ಬ್ರಷ್ ಬೇರೆ ಇಡಲಿ. ತಟ್ಟೆಗೆ ಇಷ್ಟು ಗಮನ ಕೊಟ್ಟ ಮನೆಯಲ್ಲಿ ಹೆಂಡತಿ, ಮಗಳ ರಕ್ತವನ್ನು ಒಬ್ಬರೂ ನೋಡಿರಲಿಲ್ಲ.

ಇದಕ್ಕೆ ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ. ಮನೆಮಂದಿಯ ಪರೀಕ್ಷೆ, ಸೋಂಕೂ ಇಲ್ಲದೆ ಲಸಿಕೆಯೂ ಆಗದವರಿಗೆ ಆರು ತಿಂಗಳಲ್ಲಿ ಮೂರು ಚುಚ್ಚುಮದ್ದು, ಗರ್ಭಿಣಿಗೆ ಸೋಂಕಿದ್ದರೆ ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಸಿಗುವಂತೆ ಮೊದಲೇ ಏರ್ಪಾಡು: ಬಡಾವಣೆಯ ಕ್ಲಿನಿಕ್ಕಿನಿಂದಲೇ ಇವನ್ನೆಲ್ಲ ಶುರುಮಾಡಬಹುದು. ಸೋಂಕಿದ್ದವರೆಲ್ಲರಿಗೂ ಕೂಡಲೇ ಮಾತ್ರೆ ಬೇಕಾಗುವುದಿಲ್ಲ. ನಾವು ಎಡವುವುದು ಇಲ್ಲಿಯೇ. ‘ಈಗ ಔಷಧಿ ಬೇಡ’ ಎಂದು ನಾವು ಹೇಳುತ್ತೇವೆ, ‘ಕಾಯಿಲೆ ಇಲ್ಲ’ ಎಂದು ಅವರು ಕೇಳಿಸಿಕೊಳ್ಳುತ್ತಾರೆ. ಆರು ತಿಂಗಳಿಗೊಮ್ಮೆ ಯಕೃತ್ತಿನ ಪರೀಕ್ಷೆಗೆ ಬರಬೇಕಾದವರು ಹತ್ತು ವರ್ಷದ ಮೇಲೆ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬರುತ್ತಾರೆ.

ಜನರ ಮನಸ್ಸಿನಲ್ಲಿ ಇದೆಲ್ಲ ಒಂದೇ ಕಾಮಾಲೆ. ಕೊಳೆ ನೀರಿನಿಂದ ಬರುವ ಎ, ಇ ಬಗೆಯ ಹೆಪಟೈಟಿಸ್ ಬಹುತೇಕ ತಾವಾಗಿಯೇ ಇಳಿಯುತ್ತವೆ, ವಾಸಿ ಮಾಡಿದ ಕೀರ್ತಿ ಸೊಪ್ಪಿನ ರಸಕ್ಕೆ ಹೋಗುತ್ತದೆ. ಹೋಗಲಿ, ಅದಕ್ಕೆ ನನ್ನ ಜಗಳವಿಲ್ಲ (ತುಂಬು ಗರ್ಭಿಣಿಗೆ ಇ ಬಂದಾಗ ಮಾತ್ರ ಒಂದು ದಿನವೂ ಕಾಯಬಾರದು). ಆದರೆ ಕಣ್ಣು ಹಳದಿಯಾಗದೆಯೇ ವರ್ಷಗಟ್ಟಲೆ ಒಳಗೆ ಕೂರುವ ಬಿ, ಸಿ ಸೋಂಕುಗಳಿಗೂ ಅದೇ ರಸ ಕುಡಿಯುತ್ತಾ ಕೂತರೆ ಹೇಗೆ? ಸಿ ಸೋಂಕಂತೂ ಸಾಮಾನ್ಯವಾಗಿ 12 ವಾರಗಳ ಮಾತ್ರೆಯಲ್ಲಿ ಪೂರ್ತಿ ವಾಸಿಯಾಗುತ್ತದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಬಿ, ಸಿ ಎರಡಕ್ಕೂ ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ, ಔಷಧಿ ಉಚಿತ. ಇದು ಗೊತ್ತಿಲ್ಲದ ವೈದ್ಯರನ್ನೂ ನಾನು ಕಂಡಿದ್ದೇನೆ.

ಪಾಸಿಟಿವ್ ವರದಿ ಕೊಡುವ ಪ್ರತಿ ಪ್ರಯೋಗಾಲಯ, ಆಸ್ಪತ್ರೆಯೂ ಅದರೊಂದಿಗೆ ಒಂದು ಪುಟ ಕನ್ನಡದಲ್ಲಿ ಕೊಡಬೇಕೆಂದು ಆರೋಗ್ಯ ಇಲಾಖೆ ಆದೇಶಿಸಲಿ: ಎಲ್ಲಿಗೆ ಹೋಗಬೇಕು, ಯಾರಿಗೆ ಪರೀಕ್ಷೆ ಮಾಡಿಸಬೇಕು, ಏನಕ್ಕೆ ಹೆದರಬೇಕಿಲ್ಲ. ನಮ್ಮ ಕ್ಲಿನಿಕ್‌ಗಳಲ್ಲಿ ಇಂಥವರ ಹೆಸರಿಗೊಂದು ಪುಸ್ತಕವಿರಲಿ; ಆರು ತಿಂಗಳಾದರೂ ಬಾರದವರಿಗೆ ಫೋನ್ ಹೋಗಲಿ.

ಮೊನ್ನೆ ಅವನ ಹೆಂಡತಿ, ಮಗಳು ಬಂದಿದ್ದರು. ಇಬ್ಬರಿಗೂ ಸೋಂಕಿಲ್ಲ. ಮಗಳಿಗೆ ಲಸಿಕೆಗಳೆಲ್ಲ ಆಗಿವೆ, ಹೆಂಡತಿಗೆ ಮೊದಲ ಚುಚ್ಚುಮದ್ದು ಹಾಕಿದ್ದೇನೆ. ಇಂಥ ಸೋಂಕು ಎಷ್ಟೋ ಸಲ ಹುಟ್ಟಿನಿಂದಲೇ ಬಂದಿರುತ್ತದೆ, ಹಾಗಾಗಿ ತಾಯಿಯವರನ್ನೂ ಕರೆತರಲು ಹೇಳಿದ್ದೆ. ‘ನನಗೇನಾಗಿದೆ’ ಎಂದರಂತೆ, ಇನ್ನೂ ಬಂದಿಲ್ಲ.

– ಒಬ್ಬ ಕುಟುಂಬ ವೈದ್ಯೆ, ಬೆಂಗಳೂರು