ಕದೋರ್ನಾ ಎಂಬ ಹೆಸರು

ತೀರ್ಥರೂಪ ಅಪ್ಪಾಜಿಯವರಿಗೆ, ಮಿಲಾನಿನಿಂದ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ.

ನಾನು ದಿನವೂ ಇಳಿಯುವ ಕದೋರ್ನಾ ನಿಲ್ದಾಣದ ಹೆಸರು ಯಾರದೆಂದು ಕಳೆದ ಪತ್ರದಲ್ಲಿ ಕೇಳಿದ್ದಿರಿ. ಅದು ಮೊದಲ ಮಹಾಯುದ್ಧದಲ್ಲಿ ಇಟಲಿಯ ಸೇನೆಯನ್ನು ನಡೆಸಿದ ಜನರಲ್ ಲುಯಿಜಿ ಕದೋರ್ನಾನ ಹೆಸರು. ಆತ ಹುಟ್ಟಿದ್ದು 1850ರಲ್ಲಿ, ಮಜ್ಜೋರೆ ಸರೋವರದ ದಡದ ಪಲ್ಲಾಂಜಾದಲ್ಲಿ. ತಂದೆ ರಫಾಯೆಲೆ, 1870ರಲ್ಲಿ ಪೋಪರಿಂದ ರೋಮ್ ನಗರವನ್ನು ವಶಪಡಿಸಿಕೊಂಡ ಸೇನೆಯ ದಂಡನಾಯಕ. 1914ರ ಜುಲೈನಲ್ಲಿ ಸೇನಾ ಮುಖ್ಯಸ್ಥನಾದಾಗ ಮಗನಿಗೆ 63 ವರ್ಷ. ಅಲ್ಲಿಯವರೆಗೆ ಆತ ಯುದ್ಧರಂಗದಲ್ಲಿ ಸೈನ್ಯ ನಡೆಸಿರಲಿಲ್ಲ.

1915ರ ಜೂನ್‌ನಿಂದ 1917ರ ಸೆಪ್ಟೆಂಬರ್‌ವರೆಗೆ ಇಸೊಂಜೊ ನದಿಯ ದಂಡೆಯಲ್ಲಿ ಆತ ಆಸ್ಟ್ರಿಯಾದ ವಿರುದ್ಧ ಹನ್ನೊಂದು ಸಲ ದಾಳಿ ಮಾಡಿಸಿದ. ಮುಳ್ಳುತಂತಿಯ ಹಿಂದೆ ಮೆಷಿನ್ ಗನ್ ಹೂಡಿ ಕುಳಿತ ಶತ್ರುವಿನ ಎದುರು, ಕಲ್ಲುಬೆಟ್ಟಗಳ ಇಳಿಜಾರನ್ನು ಹತ್ತುತ್ತ ರೈತರ ಮಕ್ಕಳು ಸಾಲುಸಾಲಾಗಿ ಬಿದ್ದರು. ಸೇನಾ ನ್ಯಾಯಾಲಯಗಳ ತೀರ್ಪಿನಂತೆ ಸುಮಾರು 750 ಇಟಾಲಿಯನ್ ಸೈನಿಕರನ್ನು ಅವರದೇ ಸೇನೆ ಗುಂಡಿಟ್ಟು ಕೊಂದಿತು. ವಿಚಾರಣೆಯೇ ಇಲ್ಲದೆ, ಚೀಟಿ ಎತ್ತಿ ಆರಿಸಿ ಕೊಂದವರೂ ಇದ್ದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆತನಿಗೆ ಸಲ್ಲಬೇಕಾದದ್ದನ್ನೂ ಹೇಳಬೇಕು. 1916ರಲ್ಲಿ ಆಸ್ಟ್ರಿಯಾದವರು ಪರ್ವತಗಳಿಂದ ಇಳಿದು ಬಂದಾಗ ಬೇಗನೆ ಮೀಸಲು ಸೇನೆ ಕಟ್ಟಿ ತಡೆದ. ಅದೇ ಆಗಸ್ಟ್‌ನಲ್ಲಿ ಗೊರಿಜಿಯಾ ಗೆದ್ದ.

ಆದರೆ 1917ರ ಅಕ್ಟೋಬರ್ 24ರಂದು ಕಪೊರೆತ್ತೊದಲ್ಲಿ ಜರ್ಮನ್ ಮತ್ತು ಆಸ್ಟ್ರಿಯನ್ ಪಡೆಗಳು ಒಟ್ಟಾಗಿ ಮೇಲೆ ಬಿದ್ದಾಗ ಸಾಲು ಮುರಿಯಿತು, ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿ ಸೆರೆಯಾದರು. ನಾಲ್ಕು ದಿನಗಳ ನಂತರದ ಪ್ರಕಟಣೆಯಲ್ಲಿ ಕದೋರ್ನಾ ತನ್ನ ತಪ್ಪಿನ ಮಾತೆತ್ತದೆ, ಎರಡನೆಯ ಸೇನೆಯ ತುಕಡಿಗಳು ಹೇಡಿಗಳಂತೆ ಕಾದಾಡದೆ ಹಿಂದೆ ಸರಿದವೆಂದು ದೂರಿದ. ನವೆಂಬರ್‌ನಲ್ಲಿ ಆತನನ್ನು ತೆಗೆದು ಅರ್ಮಾಂದೊ ದಿಯಾಜ್‌ನನ್ನು ನೇಮಿಸಿದರು. ದಿಯಾಜ್ ಸೈನಿಕರ ಊಟ, ರಜೆಗಳನ್ನು ಸುಧಾರಿಸಿದ. ಆದರೂ 1924ರಲ್ಲಿ ಮುಸೊಲಿನಿಯ ಸರ್ಕಾರ ಕದೋರ್ನಾನಿಗೆ ಮಾರ್ಷಲ್ ಪದವಿ ಕೊಟ್ಟಿತು. ಆತ 1928ರಲ್ಲಿ ತೀರಿಕೊಂಡ. ಒಂದು ಕಾಲಕ್ಕೆ ಆತನ ಪ್ರಧಾನ ಶಿಬಿರವಿದ್ದ ಊದಿನೆ ನಗರ 2011ರಲ್ಲಿ ತನ್ನ ಚೌಕಕ್ಕಿದ್ದ ಆ ಹೆಸರನ್ನು ಬದಲಿಸಿತು. ಮಿಲಾನಿನಲ್ಲಿ ಹಾಗೆಯೇ ಉಳಿದಿದೆ.

ಹೋದ ಭಾನುವಾರ ನಾನು ಆ ಯುದ್ಧದಲ್ಲಿ ಮಡಿದ ಸೈನಿಕರ ರೆದಿಪೂಲ್ಯಾ ಸ್ಮಾರಕಕ್ಕೆ ಹೋಗಿದ್ದೆ. ಗುಡ್ಡಕ್ಕೆ ಏರುವ ಇಪ್ಪತ್ತೆರಡು ಭಾರಿ ಮೆಟ್ಟಿಲುಗಳಲ್ಲಿ 39,857 ಸೈನಿಕರ ಹೆಸರುಗಳು ಹಾಜರಿ ಪುಸ್ತಕದಂತೆ ಅಕ್ಷರಾನುಕ್ರಮದಲ್ಲಿವೆ. ಗುರುತು ಸಿಗದ 60,330 ಮಂದಿ ತುದಿಯಲ್ಲಿ ಒಟ್ಟಾಗಿ ಮಲಗಿದ್ದಾರೆ. ಪ್ರತಿ ಮೆಟ್ಟಿಲಿನ ಅಂಚಿನುದ್ದಕ್ಕೂ ಒಂದೇ ಪದವನ್ನು ಮತ್ತೆಮತ್ತೆ ಕೊರೆದಿದ್ದಾರೆ, ‘ಪ್ರೆಸೆಂತೆ’, ಅಂದರೆ ‘ಹಾಜರ್’. ನನಗೆ ನಿಮ್ಮ ತರಗತಿ ನೆನಪಾಯಿತು. ಹಾಜರಿ ಕೂಗುವಾಗ ಉತ್ತರ ಬಾರದಿದ್ದರೆ, ಗೈರುಹಾಜರಿ ಬರೆಯುವ ಮೊದಲು ನೀವು ಪೆನ್ನು ಕೆಳಗಿಟ್ಟು, ಆ ಹುಡುಗ ಯಾಕೆ ಬಂದಿಲ್ಲವೆಂದು ಪಕ್ಕದವನನ್ನು ವಿಚಾರಿಸುತ್ತಿದ್ದಿರಿ.

ಅಮ್ಮನಿಗೂ ಅಜ್ಜಿಗೂ ನನ್ನ ನಮಸ್ಕಾರ ತಿಳಿಸಿ.

ಇತಿ ನಿಮ್ಮ ಪ್ರೀತಿಯ ಮಗಳು